ನಾನಾ ಫಡಣೀಸನ ಪಾರ್ಟು ಮಾಡಿದ್ದು

ಹದಿನೆಂಟು ವರ್ಷ ಪುಣೆಯಲ್ಲಿ ಜಮಾಖರ್ಚು ಬರೆದವನಿಗೆ ಕೊನೆಗೆ ಜಮಾಖರ್ಚು ಬರೆಯುವವನ ಪಾರ್ಟೇ ಗಂಟುಬಿತ್ತು. ಫಡಣೀಸ ಅಂದರೆ ದರಬಾರದ ಲೆಕ್ಕಪತ್ರ ನೋಡುವ ಹುದ್ದೆ. ಬಾಳಾಜಿ ಜನಾರ್ದನ ಭಾನು ಆ ಹುದ್ದೆಯಲ್ಲಿ ಕುಳಿತುಕೊಂಡೇ ಪೇಶ್ವೆ ರಾಜ್ಯವನ್ನೆಲ್ಲ ಆಡಿಸಿದ. ಇತಿಹಾಸದಲ್ಲಿ ಅವನೇ ನಾನಾ ಫಡಣೀಸ. ನಮ್ಮ ಕನ್ನಡ ಸಂಘದ ವಾರ್ಷಿಕೋತ್ಸವಕ್ಕೆ ಐವತ್ತು ನಿಮಿಷದ ಏಕಪಾತ್ರ ಬರೆದು ನಾನೇ ಆಡಿದೆ. ಬರೆಯಲು ಎರಡು ತಿಂಗಳು ಹಿಡಿಯಿತು, ಆಡಲು ಕಲಿಯುವುದಕ್ಕೆ ಏಳು. ಆ ಏಳು ತಿಂಗಳಲ್ಲಿ ಐದು ಪೂರ್ತಿ ವ್ಯರ್ಥ.

ಆರಿಸಿಕೊಂಡದ್ದು ಒಂದೇ ರಾತ್ರಿ: 1795ರ ಅಕ್ಟೋಬರ್ 25. ಅದೇ ಮಾರ್ಚಿನಲ್ಲಿ ಖರ್ಡಾದಲ್ಲಿ ನಿಜಾಮನನ್ನು ಸೋಲಿಸಿ ನಾನಾ ಅಧಿಕಾರದ ತುದಿಗೇರಿದ್ದ. ಏಳು ತಿಂಗಳಿಗೆ ಇಪ್ಪತ್ತೊಂದರ ಹುಡುಗ ಪೇಶ್ವೆ ಸವಾಯಿ ಮಾಧವರಾಯ ತನ್ನ ಅರಮನೆ ಶನಿವಾರವಾಡೆಯ ಮಾಳಿಗೆಯಿಂದ ಬಿದ್ದ. ಜ್ವರದ ಭ್ರಮೆಯಲ್ಲಿ ಬಿದ್ದ ಅನ್ನುವವರಿದ್ದಾರೆ, ಬೇಕೆಂದೇ ಹಾರಿದ ಅನ್ನುವವರೂ ಇದ್ದಾರೆ. ಮರಾಠರ ಇತಿಹಾಸ ಬರೆದ ಇಂಗ್ಲಿಷ್ ಅಧಿಕಾರಿ ಗ್ರ್ಯಾಂಟ್ ಡಫ್ ಹೇಳುವಂತೆ ಕೆಳಗಿನ ಕಾರಂಜಿಯ ಕೊಳವೆ ಮೈಗೆ ನಟ್ಟಿತ್ತು, ಎಲುಬು ಮುರಿದಿದ್ದವು. ಎರಡು ದಿನ ಜೀವ ಹಿಡಿದಿದ್ದ. ಹುಟ್ಟುವ ಮೊದಲೇ ತಂದೆಯ ಕೊಲೆಯಾಗಿ, ನಲವತ್ತು ದಿನದ ಕೂಸಾಗಿ ಪೇಶ್ವೆಯಾದವನನ್ನು ಇಷ್ಟು ವರ್ಷ ಕಾದವನು ನಾನಾ. ಕಾದದ್ದೋ ಕಟ್ಟಿಹಾಕಿದ್ದೋ? ಶಿವನೇರಿ ಕೋಟೆಯಲ್ಲಿ ಸೆರೆಯಿದ್ದ ದಾಯಾದಿ ಬಾಜೀರಾಯನ ಜೊತೆ ಹುಡುಗ ಗುಟ್ಟಾಗಿ ಪತ್ರವ್ಯವಹಾರ ಮಾಡುತ್ತಿದ್ದುದು ಗೊತ್ತಾಗಿ, ಕಾಗದ ಸಾಗಿಸಿದವನನ್ನು ಬಂಧಿಸಿ, ಹುಡುಗನಿಗೂ ಛೀಮಾರಿ ಹಾಕಿದ್ದ. ಅದಾದ ಮೇಲೆ ಹುಡುಗ ಮಂಕಾದ.

ಇಷ್ಟು ಸಾಮಾನು ಕೈಯಲ್ಲಿದ್ದರೆ ಯಾವ ಹವ್ಯಾಸಿ ನಟ ಸುಮ್ಮನಿರುತ್ತಾನೆ? ನಾನು ಅತ್ತೆ. ಎದೆ ಹಿಡಿದುಕೊಂಡೆ, ತಲೆ ಚಚ್ಚಿಕೊಂಡೆ, ಪಗಡಿ ಕಿತ್ತು ಒಗೆದೆ. ನಮಗೆ ನಾಟಕ ಕಲಿಸುವವರು ನಿವೃತ್ತ ಶಾಲಾ ಶಿಕ್ಷಕಿ. ಹುಬ್ಬಳ್ಳಿಯವರು. ಎಪ್ಪತ್ತು ದಾಟಿದ್ದರೂ ಎಲ್ಲರಿಗೂ ಅಕ್ಕೋರೇ. ಮೂರನೇ ತಾಲೀಮಿಗೆ ಚಹದ ಕಪ್ಪು ಕೆಳಗಿಟ್ಟು ಅಂದರು:

“ಏನಪಾ, ಎಲ್ಲಾ ನೀನ ಅತ್ತ ಬಿಟ್ರ ಮುಂದ ಕುಂತವ್ರಿಗೆ ಏನ ಉಳೀತು? ಅವ ನಾನಾ ಅದಾನ, ಮಗಳನ್ನ ಗಂಡನ ಮನೀಗೆ ಕಳಸೂ ಅಪ್ಪ ಅಲ್ಲ.”

ಸಿಟ್ಟು ಬಂತು. ಮರುದಿನ ಅಳುವುದು ಬಿಟ್ಟು ಬಿಗಿದುಕೊಂಡು ನಿಂತೆ. ಅದು ಇನ್ನೂ ಕೆಟ್ಟದಾಯಿತು. “ಈಗ ಹೊಟ್ಟಿನೋವು ಬಂದವರಂಗ ಕಾಣಸ್ತೀ” ಅಂದರು.

ಪುಣೆಯಲ್ಲಿ ನಾನಾನ ಪಾರ್ಟು ಮಾಡುವುದಕ್ಕೆ ಇನ್ನೊಂದು ತೊಡಕಿದೆ. ಇಲ್ಲಿಯವರಿಗೆ ಅವನೆಂದರೆ ಒಂದೋ ರಾಜ್ಯ ಉಳಿಸಿದ ಚಾಣಕ್ಯ, ಇಲ್ಲವೇ 1970ರ ದಶಕದ ಪ್ರಸಿದ್ಧ ಮರಾಠಿ ನಾಟಕವೊಂದು ತೋರಿಸಿದ ಕಾಮುಕ. ಎರಡೂ ನನಗೆ ಬೇಡವಾಗಿದ್ದವು. ಅವನೇ ಬರೆದಿಟ್ಟ ಆತ್ಮಚರಿತ್ರೆಯ ತುಣುಕಿನಲ್ಲಿ ಬೇರೆಯೇ ಮನುಷ್ಯ ಸಿಗುತ್ತಾನೆ. ಹರೆಯದ ತಪ್ಪುಗಳನ್ನು ತಾನೇ ಒಪ್ಪಿಕೊಳ್ಳುತ್ತಾನೆ. 1761ರ ಪಾಣಿಪತ್ತಿಗೆ ತಾಯಿ, ಹೆಂಡತಿಯರ ಜೊತೆ ಹೋಗಿದ್ದ, ವಯಸ್ಸು ಇನ್ನೂ ಹತ್ತೊಂಬತ್ತು ತುಂಬಿರಲಿಲ್ಲ. ತಾನು ಓಡಿ ಬದುಕಿದ, ಹೆಂಡತಿ ಸಿಕ್ಕಳು, ತಾಯಿ ಸಿಗಲಿಲ್ಲ. ಮನೆಗೆ ಬಂದ ಲೆಕ್ಕದಲ್ಲಿ ಒಬ್ಬರು ಕಡಿಮೆ. ಆಫೀಸು ಬಿಟ್ಟ ಮೇಲೆ ಲಕ್ಷ್ಮೀ ರಸ್ತೆಯ ಅಂಗಡಿಗಳ ನಡುವೆ ಅಡಗಿರುವ ಬೇಲಬಾಗಿಗೆ, ಅವನು ಕಟ್ಟಿಸಿದ ವಿಷ್ಣುಗುಡಿಗೆ, ಹೋಗಿ ಕುಳಿತು ಇದನ್ನೇ ಯೋಚಿಸುತ್ತಿದ್ದೆ. ಜೇಮ್ಸ್ ವೇಲ್ಸ್ ಬರೆದ ಚಿತ್ರದ ಪ್ರತಿಯೊಂದನ್ನು ಪುಸ್ತಕದಲ್ಲಿಟ್ಟುಕೊಂಡಿದ್ದೆ. ಹುಡುಗ ಪೇಶ್ವೆಯ ಪಕ್ಕದಲ್ಲಿ ಕೂತ ತೆಳ್ಳನೆಯ ಆಳು. ಮುಖದಲ್ಲಿ ಏನೂ ಇಲ್ಲ. ಏನೂ ಅಂದರೆ ಏನೂ ಇಲ್ಲ.

ಮುಖದಲ್ಲಿಲ್ಲದ್ದು ಮತ್ತೆಲ್ಲಿರುತ್ತದೆ?

ಇಲ್ಲಿ ನನ್ನದೇ ಒಂದು ಸಂಗತಿ ಹೇಳಬೇಕು. ಬಹಳ ವರ್ಷದ ಹಿಂದೆ ನಾನಿದ್ದ ಒಂದು ಕಂಪನಿಯಲ್ಲಿ ಗೋದಾಮಿನ ಮಾಲು ಕಡಿಮೆ ಬಿತ್ತು. ತಪ್ಪು ನಮ್ಮ ವಿಭಾಗದ ನಮೂದಿನಲ್ಲಿತ್ತು, ನನಗೆ ಗೊತ್ತಿತ್ತು. ಕೆಲಸ ಹೋದದ್ದು ಗೋದಾಮಿನ ಹುಡುಗನದು. ನಾನು ಬಾಯಿ ಬಿಡಲಿಲ್ಲ. ಆ ಸಂಜೆ ಅಳಲೂ ಇಲ್ಲ, ಊಟ ಬಿಡಲೂ ಇಲ್ಲ. ವೋಚರುಗಳಿಗೆ ಚುಚ್ಚಿದ್ದ ತುಕ್ಕು ಹಿಡಿದ ಟಾಚಣಿಗಳನ್ನೆಲ್ಲ ಕಿತ್ತು, ಹೊಸ ಟಾಚಣಿ ಹಾಕಿ, ತಾರೀಖಿನ ಪ್ರಕಾರ ಜೋಡಿಸುತ್ತ ರಾತ್ರಿ ಒಂಬತ್ತರವರೆಗೆ ಕೂತಿದ್ದೆ. ಯಾರೂ ಹೇಳಿರಲಿಲ್ಲ.

ಇದು ನೆನಪಾದದ್ದು 1791ರ ಘಾಶೀರಾಮನ ಭಾಗ ಬರೆಯುವಾಗ. ನಗರದ ಕೊತವಾಲ, ಅಂದರೆ ಪೊಲೀಸ್ ಮುಖ್ಯಸ್ಥ ಅವನು, ನಾನಾನ ಆಸರೆಯಲ್ಲೇ ಬೆಳೆದವನು. ತೆಲಂಗ ಬ್ರಾಹ್ಮಣರನ್ನು ಇಕ್ಕಟ್ಟಾದ ಕೋಣೆಯಲ್ಲಿ ಕೂಡಿಹಾಕಿಸಿದ, ಹಲವರು ಉಸಿರುಗಟ್ಟಿ ಸತ್ತರು. ಊರು ತಿರುಗಿಬಿತ್ತು. ನಾನಾ ಅವನನ್ನು ಬಿಟ್ಟುಕೊಟ್ಟ, ಜನ ಕಲ್ಲು ಹೊಡೆದು ಕೊಂದರು. ಘಾಶೀರಾಮ ನನ್ನ ಗೋದಾಮಿನ ಹುಡುಗನಂತೆ ನಿರಪರಾಧಿಯಲ್ಲ. ಆದರೆ ಬಿಟ್ಟುಕೊಟ್ಟವನ ಆ ಸಂಜೆ ಹೇಗಿದ್ದೀತು ಎಂಬುದು ಮಾತ್ರ ನನಗೆ ಗೊತ್ತಿತ್ತು.

ಹಾಗಾಗಿ ನಾನಾನಿಗೆ ಕೆಲಸ ಕೊಟ್ಟೆ. ಆ ರಾತ್ರಿಯಿಡೀ ಅವನು ಕಾಗದ ಬರೆಯುತ್ತಾನೆ. ಮರಾಠಾ ಸರದಾರರಿಗೆ: ಶಿಂದೆಗೆ, ಹೋಳ್ಕರರಿಗೆ, ಪರಶುರಾಮಭಾವು ಪಟವರ್ಧನನಿಗೆ. (ಜಮಖಂಡಿಯ ಪಟವರ್ಧನರು ಅಂದರೆ ನಮ್ಮ ಜನ ಬೇಗ ಗುರುತು ಹಿಡಿಯುತ್ತಾರೆ.) ಗಾದಿಗೆ ವಾರಸುದಾರ ಯಾರು, ದೌಲತರಾಯ ಶಿಂದೆಯ ದಂಡು ಯಾರ ಕಡೆ, ಬಾಜೀರಾಯನನ್ನು ತಡೆಯುವುದು ಹೇಗೆ, ಎಲ್ಲ ಒತ್ತಡವೂ ಆ ಕಾಗದಗಳಲ್ಲೇ ಬರಬೇಕು. ಪಕ್ಕದ ಕೋಣೆಯಿಂದ ಹುಡುಗನ ನರಳಾಟ ಕೇಳುತ್ತಿರುತ್ತದೆ.

ಬರೆಯುವಂತೆ ನಟಿಸುವುದು ಬೇಡ, ನಿಜವಾಗಿ ಬರೆಯೋಣ ಅಂತ ಎಂಟು ಭಾನುವಾರ ಮೋಡಿ ಲಿಪಿ, ಹಿಂದೆ ಮರಾಠಿ ಬರೆಯುತ್ತಿದ್ದ ಕೂಡುಬರಹ, ಕಲಿತೆ. ನಮ್ಮಜ್ಜ ಕುಲಕರ್ಣಿಕೆ ಮಾಡಿದವರು. ಅವರ ಮೋಡಿ ಕಾಗದಗಳು ಮನೆಯ ಅಟ್ಟದಲ್ಲಿ ಗೆದ್ದಲಿಗೆ ಹೋದವು, ಅದು ಬೇರೆ ಹೊಟ್ಟೆಯುರಿ. ಮೋಡಿಯಲ್ಲಿ ಮೊದಲು ಕಾಗದದ ಈ ಅಂಚಿನಿಂದ ಆ ಅಂಚಿಗೆ ಒಂದು ಗೆರೆ ಎಳೆಯುತ್ತಾರೆ. ಆಮೇಲೆ ಲೆಕ್ಕಣಿಕೆ ಎತ್ತದೆ ಅಕ್ಷರಗಳನ್ನು ಒಂದಕ್ಕೊಂದು ಕೊಂಡಿಹಾಕುತ್ತ ಆ ಗೆರೆಗೆ ತೂಗುಬಿಡುತ್ತಾರೆ. ಮುಗಿದ ಮೇಲೆ ಮಸಿ ಆರಲಿಕ್ಕೆ ಸಣ್ಣ ಮರಳು ಉದುರಿಸಿ, ಕಾಗದ ಓರೆ ಮಾಡಿ, ಬೆರಳಿಂದ ತಟ್ಟಿ ಮರಳನ್ನು ಮತ್ತೆ ಡಬ್ಬಿಗೇ ಸುರಿಯುವುದು. ಗೆರೆ, ಅಕ್ಷರ, ಮರಳು, ತಟ್ಟುವುದು. ಕೈಗೆ ಈ ನಾಲ್ಕು ಹತ್ತಿದ ಮೇಲೆ ಮಾತು ತಾನಾಗಿ ಸಣ್ಣದಾಯಿತು. ಬರೆದದ್ದರಲ್ಲಿ ಮೂರನೇ ಒಂದು ಭಾಗ ಕಿತ್ತುಹಾಕಿದೆ.

ಆರನೇ ತಿಂಗಳ ಒಂದು ತಾಲೀಮಿನಲ್ಲಿ ಮಾತು ಮರೆತೆ. ಮಾತು ನೆನಪಿಸಿಕೊಳ್ಳುವ ಗಡಿಬಿಡಿಯಲ್ಲಿ ಗೆರೆ ಎಳೆದೆ, ಅಕ್ಷರ ಬರೆಯಲೇ ಇಲ್ಲ, ಬರೀ ಗೆರೆಯ ಮೇಲೆ ಮರಳು ಉದುರಿಸಿ ತಟ್ಟಿ, ಕಾಗದ ಮಡಚಿ ಇಟ್ಟುಬಿಟ್ಟೆ. ತಪ್ಪಾಯಿತು ಅಂತ ನಿಂತೆ. ಅಕ್ಕೋರು ಕೈ ಮಾಡಿದರು. “ನಿಲ್ಲಬ್ಯಾಡ. ಇನ್ನೊಮ್ಮಿ ಹಂಗ ಮಾಡು.”

ಅದೇ ನಾಟಕವಾಯಿತು. ಮೊದಲ ಕಾಗದ ಸರಿಯಾಗಿ ಬರೆಯುತ್ತಾನೆ. ಎರಡನೆಯದರಲ್ಲಿ ಗೆರೆ ಚೂರು ಇಳಿಜಾರು, ಹರಿದು ಹೊಸದು ತೆಗೆದುಕೊಳ್ಳುತ್ತಾನೆ. ಮೂರನೆಯದರಲ್ಲಿ ಗೆರೆ ಮಾತ್ರ, ಅದರ ಮೇಲೆ ಮರಳು. ಗೊತ್ತಾಗುವುದೇ ಇಲ್ಲ ಅವನಿಗೆ. ಮೊಹರು ಹಾಕಿ, ಕಾಗದ ಒಯ್ಯುವ ಜಾಸೂದನ ಕೈಗೆ ಕೊಟ್ಟು, “ತಾಸಿನೊಳಗ ಮುಟ್ಟಬೇಕು” ಅನ್ನುತ್ತಾನೆ. ದನಿ ಏರುವುದಿಲ್ಲ. ಪ್ರಯೋಗದ ದಿನ ಅಲ್ಲಿಗೆ ಬಂದಾಗ ಮೂರನೇ ಸಾಲಿನಲ್ಲಿ ಯಾರೋ “ಅಯ್ಯ” ಅಂದದ್ದು ಕೇಳಿಸಿತು. ನನ್ನ ಹೆಂಡತಿ ಅಂತ ಆಮೇಲೆ ತಿಳಿಯಿತು, ಅದು ಲೆಕ್ಕಕ್ಕಿಲ್ಲ.

ನಾಟಕ ಮುಗಿದ ಮೇಲೆ ಉಪ್ಪಿಟ್ಟಿನ ತಟ್ಟೆ ಹಿಡಿದುಕೊಂಡು ಒಬ್ಬ ಹಿರಿಯರು ಬಂದರು. ಶಿವಮೊಗ್ಗದ ಕಡೆಯವರು. “ಚೆನ್ನಾಗಿತ್ತು ಮಾರಾಯ್ರೆ. ಘಾಶೀರಾಮನ ನೆನಪು ನಿಮ್ಮ ನಾನಾಗೆ ಬಂತು. ಅದೇ 1791ರಲ್ಲಿ ಪಟವರ್ಧನರ ದಂಡು ಶೃಂಗೇರಿ ಮಠ ಲೂಟಿ ಮಾಡ್ತಲ್ಲ, ಅದರ ನೆನಪು ಬರಲಿಲ್ವಾ?”

ನನ್ನ ಬಾಯಿ ಕಟ್ಟಿತು. ನನಗದು ಗೊತ್ತಿಲ್ಲದ್ದೇನಲ್ಲ. ಸ್ವಾಮಿಗಳು ಟಿಪ್ಪುವಿನ ನೆರವು ಕೇಳಿದ್ದು, ಟಿಪ್ಪುವಿನ ಪತ್ರಗಳನ್ನು 1916ರಲ್ಲಿ ಆರ್. ನರಸಿಂಹಾಚಾರ್ ಮಠದಲ್ಲಿ ಪತ್ತೆಮಾಡಿದ್ದು ಎಲ್ಲ ಓದಿದ್ದೆ. ದಂಡು ಪಟವರ್ಧನರದಾದರೂ ದರಬಾರ ನಾನಾನದು. ಪುಣೆಯಲ್ಲಿ ಕೂತು, ಪುಣೆಯ ಕಾಗದ ಓದಿ ಬರೆಯುತ್ತ, ಕನ್ನಡದವನಾದ ನನಗೇ ಅದನ್ನು ಸೇರಿಸಬೇಕು ಅನ್ನಿಸಿರಲಿಲ್ಲ.

ಎರಡನೇ ಪ್ರಯೋಗಕ್ಕೆ ಆ ಬಗ್ಗೆ ಒಂದು ಪುಟ ಬರೆದುಕೊಂಡು ಹೋದೆ. ಅಕ್ಕೋರು ಕನ್ನಡಕ ಹಾಕಿಕೊಂಡು ಓದಿದರು, ಪೆನ್ಸಿಲು ತಗೊಂಡು ಹೊಡೆಯುತ್ತ ಬಂದರು, ಒಂದು ಸಾಲು ಉಳಿಸಿದರು. ಪಟವರ್ಧನನಿಗೆ ಬರೆಯಲು ಗೆರೆ ಎಳೆದವನು ಕೈ ನಿಲ್ಲಿಸಿ, ಬಾಗಿಲಲ್ಲಿ ನಿಂತ ಕಾರಕೂನನನ್ನು ಕೇಳುತ್ತಾನೆ: “ಶೃಂಗೇರಿಯಿಂದ ಏನಾದರೂ ಕಾಗದ ಬಂದಿತ್ತೇನೋ?” ಉತ್ತರಕ್ಕೆ ಕಾಯುವುದಿಲ್ಲ. ಮರಳಿನ ಡಬ್ಬಿಗೆ ಕೈ ಹಾಕುತ್ತಾನೆ.