ಬಚ್ಚಲಿನ ಗೋಡೆಗೆ ನಾನೇ ಟೈಲ್ಸ್ ಹಾಕಿದ್ದು

ಕಟಪಾಡಿಯಲ್ಲಿರುವ ನಮ್ಮ ಹಳೆಯ ಹಂಚಿನ ಮನೆಯ ಬಚ್ಚಲುಕೋಣೆ ಐದು ಅಡಿ ಅಗಲ, ಏಳು ಅಡಿ ಉದ್ದದ್ದು. ಗೋಡೆ ಮುರಕಲ್ಲಿನದು, ನೆಲ ಕಾವಿ ಹಾಕಿದ ಸಿಮೆಂಟಿನದು. ಪ್ರತಿ ಮಳೆಗಾಲದಲ್ಲೂ ಗೋಡೆಯ ಕೆಳಗಿನ ಎರಡು ಅಡಿ ಪಾಚಿಗಟ್ಟಿ, ಸಾರಣೆ ಪುಡಿಪುಡಿಯಾಗಿ ಉದುರುತ್ತಿತ್ತು. ಟೈಲ್ಸ್ ಹಾಕುವವರನ್ನು ಎರಡು ವರ್ಷ ಹುಡುಕಿದೆ. ಇಷ್ಟು ಸಣ್ಣ ಕೆಲಸಕ್ಕೆ ಒಪ್ಪಿದವರು ಬರಲಿಲ್ಲ, ಬಂದು ನೋಡಿ ಹೋದವರು ಮತ್ತೆ ಫೋನ್ ಎತ್ತಲಿಲ್ಲ. ಕೊನೆಗೆ ಫೆಬ್ರವರಿಯಲ್ಲಿ ನಾನೇ ಆರಂಭಿಸಿ, ರಜೆಯ ದಿನಗಳಲ್ಲಿ ಮಾತ್ರ ದುಡಿದು, ಮೇ ಮಧ್ಯದ ಹೊತ್ತಿಗೆ ಮುಗಿಸಿದೆ. ಅದಕ್ಕೂ ಮೊದಲು ನಾನು ಕರಣೆ ಹಿಡಿದವನಲ್ಲ.

ಅಮ್ಮನಿಗೆ ಈ ಯೋಜನೆ ಹಿಡಿಸಿರಲಿಲ್ಲ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಕರಾವಳಿಯಲ್ಲಿ ಹಂಚು ಎಂದರೆ ಮಾಡಿನ ಮೇಲಿರುವ ವಸ್ತು. ಅದನ್ನು ಗೋಡೆಗೆ ಅಂಟಿಸುತ್ತೇನೆ ಎಂದು ತಮಾಷೆಗೆ ಹೇಳಿದ್ದನ್ನು ಅವರು ತಿಂಗಳುಗಟ್ಟಲೆ ಎಲ್ಲರಿಗೂ ಹೇಳಿ ನಗುತ್ತಿದ್ದರು.

ನೆರೆಮನೆಯಲ್ಲಿ ವಯಸ್ಸಾಗಿ ಕೆಲಸ ಬಿಟ್ಟ ಗಾರೆ ಮೇಸ್ತ್ರಿಯೊಬ್ಬರಿದ್ದಾರೆ. ನಾನು ಟೈಲ್ಸಿನ ಬಣ್ಣದ ವಿಷಯ ತೆಗೆದಾಗ ಅವರು, "ಟೈಲ್ಸ್ ಆಮೇಲೆ ನೋಡುವ ಮಾರಾಯ್ರೆ, ಗೋಡೆ ಹೇಗೆ ಉಂಟು ಅದು ಮೊದಲು ಹೇಳಿ" ಎಂದರು. ಹೊರಗೆ ಕರೆದುಕೊಂಡು ಹೋಗಿ, ಮಾಡಿನ ನೀರು ನೇರವಾಗಿ ಗೋಡೆಯ ಬುಡಕ್ಕೆ ಬೀಳುವ ಜಾಗವನ್ನೂ ತೋರಿಸಿದರು. ಮುರಕಲ್ಲು ನೀರು ಹೀರುವ ಕಲ್ಲು. ಹೊರಗಿನಿಂದ ತೇವ ಬರುತ್ತಿರುವ ಗೋಡೆಗೆ ಒಳಗಿನಿಂದ ಟೈಲ್ಸ್ ಹೊದಿಸಿದರೆ ತೇವ ನಿಲ್ಲುವುದಿಲ್ಲ, ಕಣ್ಣಿಗೆ ಕಾಣದಂತೆ ಒಳಗೇ ಉಳಿಯುತ್ತದೆ. ಹಾಗಾಗಿ ನನ್ನ ಟೈಲ್ಸ್ ಕೆಲಸದ ಮೊದಲ ಖರ್ಚು ಮಾಡಿನ ನೀರನ್ನು ಹಿಡಿದು ದೂರ ಸಾಗಿಸಲು ಕಟ್ಟಿಸಿದ ತಗಡಿನ ದಂಬೆ.

ಹಳೆಯ ಸಾರಣೆಯನ್ನು ಸುತ್ತಿಗೆಯ ಹಿಡಿಯಿಂದ ತಟ್ಟುತ್ತಾ ಹೋದೆ. ಗಟ್ಟಿ ಇದ್ದಲ್ಲಿ ಸದ್ದು ಕುಗ್ಗುತ್ತಿತ್ತು, ಸಡಿಲವಾದಲ್ಲಿ ಮಡಕೆ ಬಡಿದಂತೆ ಟೊಳ್ಳಾಗಿ ಕೇಳುತ್ತಿತ್ತು. ಅರ್ಧಕ್ಕಿಂತ ಹೆಚ್ಚು ಟೊಳ್ಳೇ ಆದ್ದರಿಂದ ಎಲ್ಲವನ್ನೂ ಕಲ್ಲಿನವರೆಗೆ ಕೆತ್ತಿದೆ. ಆಮೇಲೆ ತೂಗುಗುಂಡು ಇಳಿಬಿಟ್ಟು ನೋಡಿದರೆ, ಉದ್ದನೆಯ ಗೋಡೆ ಮೇಲಿನಿಂದ ಕೆಳಗೆ ಬರುವಷ್ಟರಲ್ಲಿ ಮುಕ್ಕಾಲು ಇಂಚು ಹೊರಗೆ ವಾಲಿತ್ತು. ಅಂಟಿನ ದಪ್ಪವನ್ನು ಹೆಚ್ಚುಕಡಿಮೆ ಮಾಡಿ ಇದನ್ನು ಸರಿದೂಗಿಸಬಹುದೆಂಬ ನನ್ನ ಲೆಕ್ಕವನ್ನು ಮೇಸ್ತ್ರಿ ಒಪ್ಪಲಿಲ್ಲ. ಟೈಲ್ಸಿನ ಅಂಟು ಕೆಲವೇ ಮಿಲಿಮೀಟರ್ ದಪ್ಪಕ್ಕೆ ತಯಾರಾದದ್ದು, ವಕ್ರವನ್ನು ಸಾರಣೆಯಲ್ಲೇ ತೆಗೆಯಬೇಕು. ಒಂದಕ್ಕೆ ನಾಲ್ಕರ ಸಿಮೆಂಟು-ಮರಳಿನಲ್ಲಿ ಹೊಸ ಸಾರಣೆ ಮಾಡಿ, ಏಳು ದಿನ ನೀರುಣಿಸಿ, ಮತ್ತೆ ಮೂರು ವಾರ ಒಣಗಲು ಬಿಟ್ಟೆ. ನೆಲಕ್ಕೂ ಗೋಡೆಯ ಕೆಳಭಾಗಕ್ಕೂ ನೀರು ತಡೆಯುವ ಲೇಪವನ್ನು ಎರಡು ಸಲ ಬಳಿದು, ನೀರು ಹೊರಹೋಗುವ ನಾನಿ ಟ್ರ್ಯಾಪಿಗೆ ಬಟ್ಟೆ ತುರುಕಿ, ಒಂದು ದಿನ ನೀರು ನಿಲ್ಲಿಸಿ ಪರೀಕ್ಷಿಸಿದೆ. ಮೂರು ತಿಂಗಳಲ್ಲಿ ಎರಡು ತಿಂಗಳು ಹೀಗೆ ಒಂದೇ ಒಂದು ಟೈಲ್ ಮುಟ್ಟದೆ ಕಳೆಯಿತು.

ಗೋಡೆಗೆ ಹನ್ನೆರಡು ಇಂಚು ಎತ್ತರ, ಹದಿನೆಂಟು ಇಂಚು ಅಗಲ ಬರುವಂತೆ ಅಡ್ಡಲಾಗಿ ಕೂರಿಸುವ ಸೆರಾಮಿಕ್ ಟೈಲ್ಸ್ ತಂದೆ. ನೆಲಕ್ಕೆ ಒಂದಡಿ ಚದರದ, ಕಾಲು ಜಾರದ ಟೈಲ್ಸ್. ಬಾಗಿಲನ್ನು ಬಿಟ್ಟು ಗೋಡೆಯ ವಿಸ್ತೀರ್ಣ ಸುಮಾರು 152 ಚದರ ಅಡಿ. ಕತ್ತರಿಸುವಾಗ ಒಡೆಯುವುದಕ್ಕೆಂದು ಶೇಕಡಾ 10 ಸೇರಿಸಿ ಲೆಕ್ಕ ಹಾಕಿದೆ. ಎಲ್ಲ ಪೆಟ್ಟಿಗೆಗಳ ಮೇಲೂ ಒಂದೇ ಬ್ಯಾಚ್ ಸಂಖ್ಯೆ ಇದೆಯೇ ಎಂದು ಅಂಗಡಿಯಲ್ಲೇ ನೋಡಿಕೊಳ್ಳಬೇಕು, ಏಕೆಂದರೆ ಒಂದೇ ಹೆಸರಿನ ಟೈಲ್ಸಿನಲ್ಲೂ ಬ್ಯಾಚ್ ಬದಲಾದರೆ ಬಣ್ಣದಲ್ಲಿ ಎಳೆಯಷ್ಟು ವ್ಯತ್ಯಾಸ ಬಂದು ಗೋಡೆಯ ಮೇಲೆ ಎದ್ದು ಕಾಣುತ್ತದೆ.

ಅಂಟಿಸುವ ಮೊದಲು ಕಾಗದದ ಮೇಲೆ ಮಾಡಿದ ಲೆಕ್ಕವೇ ನನಗೆ ಅತ್ಯಂತ ಖುಷಿ ಕೊಟ್ಟ ಭಾಗ. ಐದು ಅಡಿಯ ಗೋಡೆ ಎಂದರೆ 60 ಇಂಚು. ಮಧ್ಯದಲ್ಲಿ ಒಂದು ಟೈಲ್ ಕೂರಿಸಿ ಎರಡೂ ಕಡೆಗೆ ಹೋದರೆ ಮೂರು ಇಡೀ ಟೈಲ್ಸ್ ಹಿಡಿದು, ಎರಡೂ ಮೂಲೆಗಳಲ್ಲಿ ಮೂರು ಮೂರು ಇಂಚಿನ ಸೀಳುಗಳು ಉಳಿಯುತ್ತವೆ. ಅವನ್ನು ಕತ್ತರಿಸುವುದೂ ಕಷ್ಟ, ನೋಡುವುದಕ್ಕೂ ಚೆನ್ನಲ್ಲ. ಅದರ ಬದಲು ಮಧ್ಯದ ಗೆರೆಯಲ್ಲಿ ಎರಡು ಟೈಲ್ಸಿನ ಸಂದು ಬರುವಂತೆ ಮಾಡಿದರೆ ಎರಡೂ ಮೂಲೆಗಳಲ್ಲಿ ಹನ್ನೆರಡು ಇಂಚಿನ ತುಂಡುಗಳು ಕೂರುತ್ತವೆ. ಏಳು ಅಡಿಯ ಗೋಡೆಯಲ್ಲಿ ಇದು ತಿರುಗುಮುರುಗು: ಅಲ್ಲಿ ಮಧ್ಯದಲ್ಲಿ ಸಂದು ಬಂದರೆ ಮೂಲೆಗೆ ಆರೇ ಇಂಚು, ಟೈಲ್ ಬಂದರೆ ಹದಿನೈದು.

ಮೇಸ್ತ್ರಿ ಕಲಿಸಿದ ಇನ್ನೊಂದು ಕ್ರಮವೆಂದರೆ ಕೆಳಗಿನ ಸಾಲಿನಿಂದ ಆರಂಭಿಸದಿರುವುದು. ಬಚ್ಚಲಿನ ನೆಲ ಇಳಿಜಾರಾಗಿರುವುದರಿಂದ ಅದನ್ನು ಆಧಾರವಾಗಿಟ್ಟರೆ ಇಡೀ ಗೋಡೆಯ ಸಾಲುಗಳು ಓರೆಯಾಗುತ್ತವೆ. ಎರಡನೆಯ ಸಾಲಿನ ಬುಡಕ್ಕೆ ನೀರಿನ ಪೈಪಿನಿಂದ ಮಟ್ಟ ನೋಡಿ ಸುತ್ತಲೂ ಗೆರೆ ಹಾಕಿ, ಆ ಗೆರೆಗೆ ಮರದ ಪಟ್ಟಿ ಹೊಡೆದು, ಅದರ ಮೇಲಿನಿಂದ ಟೈಲ್ಸ್ ಕೂರಿಸುತ್ತಾ ಹೋದೆ. ಪಟ್ಟಿ ಕಿತ್ತು, ಕೆಳಗಿನ ಸಾಲನ್ನು ನೆಲದ ಇಳಿಜಾರಿಗೆ ತಕ್ಕಂತೆ ಕತ್ತರಿಸಿ ಕೂರಿಸಿದ್ದು ನೆಲದ ಕೆಲಸ ಮುಗಿದ ಮೇಲೆ.

ಮೊದಲ ದಿನವೇ ತಪ್ಪಿದೆ. ಟೈಲ್ಸ್ ಗಮ್ಮಿನ ಇಪ್ಪತ್ತು ಕಿಲೋ ಚೀಲದಲ್ಲಿ ಅರ್ಧವನ್ನು ಒಮ್ಮೆಗೇ ಕಲಸಿ, ಗೋಡೆಯ ಮೇಲೆ ಆರೇಳು ಚದರ ಅಡಿಗೆ ಹರಡಿ, ಹಲ್ಲಿನ ಕರಣೆಯಿಂದ ಸಾಲು ಎಳೆದು, ಆಮೇಲೆ ನಿಧಾನವಾಗಿ ಒಂದೊಂದೇ ಟೈಲ್ ಹಿಡಿದು ಮಟ್ಟ ನೋಡುತ್ತಾ ಕುಳಿತೆ. ಏಪ್ರಿಲ್ ತಿಂಗಳ ಸೆಖೆ, ಸಾಲದ್ದಕ್ಕೆ ಬಾಗಿಲಲ್ಲಿ ಟೇಬಲ್ ಫ್ಯಾನ್. ಮರುದಿನ ಬೆಳಿಗ್ಗೆ ನಾಲ್ಕು ಟೈಲ್ಸ್ ಬರಿಗೈಯಲ್ಲಿ ಎಳೆದರೆ ಬಂದವು. ಅವುಗಳ ಬೆನ್ನು ಹೆಚ್ಚುಕಡಿಮೆ ಸ್ವಚ್ಛವಾಗಿತ್ತು. ಗೋಡೆಯ ಮೇಲಿನ ಅಂಟಿನ ಸಾಲುಗಳು ಉತ್ತ ಗದ್ದೆಯಂತೆ ಹಾಗೆಯೇ ನಿಂತಿದ್ದವು. ನಾನು ಟೈಲ್ ಒತ್ತುವ ಹೊತ್ತಿಗೆ ಅಂಟಿನ ಮೇಲೆ ಹಾಲಿನ ಕೆನೆಯ ಹಾಗೆ ಪೊರೆ ಕಟ್ಟಿತ್ತು. ಅಲ್ಲಿಂದ ಮುಂದೆ ಒಂದು ಸಲಕ್ಕೆ ಎರಡು ಟೈಲ್ಸಿಗೆ ಬೇಕಾದಷ್ಟೇ ಹರಡಿದೆ, ಗೋಡೆಯನ್ನು ಒದ್ದೆ ಬಟ್ಟೆಯಿಂದ ಒರೆಸಿಕೊಂಡೆ, ಟೈಲಿನ ಬೆನ್ನಿಗೂ ತೆಳುವಾಗಿ ಅಂಟು ಸವರಿದೆ. ಹತ್ತಕ್ಕೊಂದು ಟೈಲನ್ನು ಕೂರಿಸಿದ ಕೂಡಲೇ ಕಿತ್ತು, ಬೆನ್ನು ಪೂರ್ತಿ ಅಂಟಿನಿಂದ ತುಂಬಿದೆಯೇ ಎಂದು ನೋಡಿ ಮತ್ತೆ ಕೂರಿಸುತ್ತಿದ್ದೆ.

ನೇರ ತುಂಡುಗಳಿಗೆ ಗೀರಿ ಮುರಿಯುವ ಕೈ ಕಟ್ಟರ್ ಸಾಕಾಯಿತು. ನಲ್ಲಿಯ ತೂತುಗಳಿಗೆ ಮಾತ್ರ ಗ್ರೈಂಡರ್ ಬಾಡಿಗೆಗೆ ತಂದು, ಧೂಳು ಏಳದಂತೆ ನೀರು ಸುರಿಯುತ್ತಾ, ಮಾಸ್ಕ್ ಹಾಕಿಕೊಂಡು ಅಂಗಳದಲ್ಲಿ ಕತ್ತರಿಸಿದೆ.

ನೆಲದ ವಿಷಯದಲ್ಲಿ ನನ್ನ ಅಭಿಪ್ರಾಯ ಬೇರೆ. ಗೋಡೆಯನ್ನು ತಾಳ್ಮೆ ಇರುವ ಯಾರೂ ಕಲಿಯಬಹುದು, ಬಚ್ಚಲಿನ ಇಳಿಜಾರನ್ನು ಮೊದಲ ಪ್ರಯತ್ನದಲ್ಲಿ ಸಾಧಿಸುವುದು ಕಷ್ಟ. ಎಂಬತ್ತಕ್ಕೆ ಒಂದರಂತೆ, ಅಂದರೆ ಏಳು ಅಡಿಗೆ ಸುಮಾರು ಒಂದು ಇಂಚು ಇಳಿಸಬೇಕೆಂದು ದಾರ ಕಟ್ಟಿಯೇ ಹಾಕಿದ್ದೆ. ಆದರೂ ಬಾಗಿಲ ಬಳಿ ಟೈಲ್ಸನ್ನು ರಬ್ಬರ್ ಸುತ್ತಿಗೆಯಿಂದ ಹೆಚ್ಚು ಬಡಿದು, ಅಲ್ಲೊಂದು ತಗ್ಗು ಮಾಡಿಬಿಟ್ಟಿದ್ದೆ. ಅಂಟು ಗಟ್ಟಿಯಾಗುವ ಮೊದಲೇ ಒಂದು ಚೆಂಬು ನೀರು ಸುರಿದು ನೋಡಿದ್ದರಿಂದ ನಾಲ್ಕು ಟೈಲ್ಸ್ ಎತ್ತಿ ಸರಿಪಡಿಸಲು ಸಾಧ್ಯವಾಯಿತು.

ಟೈಲ್ಸಿನ ಸಂದುಗಳಿಗೆ ಗ್ರೌಟ್ ಎಂಬ ಗಾರೆ ತುಂಬುವುದು ಅರ್ಧ ದಿನದ ಕೆಲಸ. ಗೋಡೆ ಮತ್ತು ನೆಲ ಕೂಡುವ ಮೂಲೆಗೆ ಗ್ರೌಟ್ ಹಾಕದೆ ಸಿಲಿಕೋನ್ ಹಾಕಿದೆ, ಏಕೆಂದರೆ ಎರಡು ಬೇರೆ ಬೇರೆ ಕಡೆ ಅಲುಗುವ ಜಾಗದಲ್ಲಿ ಗ್ರೌಟ್ ಬಿರುಕು ಬಿಡುತ್ತದೆ.

ಜೂನ್ ಕಳೆದು ಜುಲೈ ಬಂದರೂ ಗೋಡೆ ಒಣಗಿಯೇ ಇತ್ತು. ಮೇಸ್ತ್ರಿ ಒಂದು ದಿನ ಬಂದು, ಮಾತಾಡದೆ ನಾಣ್ಯವೊಂದನ್ನು ಹಿಡಿದು ಟೈಲ್ಸನ್ನು ಒಂದೊಂದಾಗಿ ತಟ್ಟುತ್ತಾ ಹೋದರು. ಬಾಗಿಲ ಹಿಂದಿನ ಐದನೆಯ ಸಾಲಿನಲ್ಲಿ ನಿಂತು, ಮತ್ತೊಮ್ಮೆ ತಟ್ಟಿ, "ಇದೊಂದು ಟೊಳ್ಳು ಉಂಟು" ಎಂದರು. ಅದು ಉಂಟೆಂದು ನನಗೂ ಗೊತ್ತಿತ್ತು. ಬಾಗಿಲು ತೆರೆದಿಟ್ಟರೆ ಕಾಣದ ಜಾಗ ಅದು.