ಎಂಟು ಹಳದಿ ಜಿಪಿಎಸ್, ಎಂಟು ಡಬ್ಬಿ: ಪಿಕ್ನಿಕ್ ಆಟ ಕೊನೆಗೂ ಕೈಗೂಡಿದ ಬಗೆ

2022ರ ಬೇಸಿಗೆ ಪಿಕ್ನಿಕ್ಕಿನಲ್ಲಿ ಎಂಟು ಗುಂಪುಗಳೂ ಕೈಯಲ್ಲಿ ಹಿಡಿಯುವ ಜಿಪಿಎಸ್ ಯಂತ್ರ ನೋಡಿಕೊಂಡು ಎಂಟು ಡಬ್ಬಿಗಳನ್ನೂ ಹುಡುಕಿ, ಅವುಗಳೊಳಗಿನ ಪುಸ್ತಕದಲ್ಲಿ ಹೆಸರು ಬರೆದು, ಬಿಸಿಬೇಳೆಬಾತ್ ಆರುವ ಮುಂಚೆ ವಾಪಸ್ ಬಂದವು. ಸುಮಾರು ಅರವತ್ತು ಜನ. ಆರು ವರ್ಷದ ಮಕ್ಕಳಿಂದ ಹಿಡಿದು ಊರಿಂದ ಬಂದಿದ್ದ ಅಜ್ಜ ಅಜ್ಜಿಯರವರೆಗೆ. ಒಬ್ಬರೂ ದಾರಿ ತಪ್ಪಲಿಲ್ಲ. ಅದಾದ ಮೇಲೆ ಪ್ರತಿ ವರ್ಷ ಅದೇ ಕ್ರಮ, ಒಮ್ಮೆಯೂ ಕೈಕೊಟ್ಟಿಲ್ಲ. ಅದಕ್ಕೂ ಮುಂಚೆ ಮೂರು ಸಲ ಕೆಟ್ಟಿತ್ತು. "ಎಲ್ಲರ ಕೈಯಲ್ಲೂ ಫೋನ್ ಇದೆ, ಈ ಹಳೇ ಯಂತ್ರ ಯಾಕೆ?" ಅಂತ ಕೇಳದವರೇ ಇರಲಿಲ್ಲ. ಹಾಗಾಗಿ ಇದನ್ನು ಬರೆಯುತ್ತಿದ್ದೇನೆ. ಆಟದ ಹೆಸರು ಜಿಯೋಕ್ಯಾಶಿಂಗ್: ಒಬ್ಬರು ಅಡಗಿಸಿಟ್ಟ ಡಬ್ಬಿಯನ್ನು, ಅಂದರೆ ಕ್ಯಾಶ್ ಅನ್ನು, ಇನ್ನೊಬ್ಬರು ಜಿಪಿಎಸ್ ಅಂಕಿ ಹಿಡಿದು ಹುಡುಕುವುದು. ನಿಮ್ಮ ಬಳಿ ಯಂತ್ರ ಇದೆ, ಕ್ಯಾಶ್ ಹುಡುಕಿ ಅಭ್ಯಾಸ ಇದೆ ಅಂತ ಅಂದುಕೊಂಡೇ ಹೇಳುತ್ತೇನೆ.

ನಾವಿರುವುದು ಒರೆಗಾನ್‌ನಲ್ಲಿ, ಪೋರ್ಟ್‌ಲ್ಯಾಂಡ್ ಹತ್ತಿರ. ಪಿಕ್ನಿಕ್ ನಡೆಯುವುದು ಎಸ್ಟಕಾಡಾ ಪಕ್ಕದ ಮಿಲೊ ಮೆಕೈವರ್ ಪಾರ್ಕ್‌ನಲ್ಲಿ. ಕ್ಲ್ಯಾಕಮಸ್ ನದಿ ಬಳಸಿಕೊಂಡು ಹೋಗುತ್ತದೆ, ಮೇಲೆ ಡಗ್ಲಸ್ ಫರ್ ಮತ್ತು ಸೀಡರ್ ಮರಗಳು. ನಮ್ಮ ಆಟಕ್ಕೆ ಇದು ತವರು ನೆಲ. 2000ದ ಮೇ 2ರಂದು ಅಮೆರಿಕ ಸರಕಾರ ಜಿಪಿಎಸ್ ಸಿಗ್ನಲ್‌ಗೆ ಬೇಕಂತಲೇ ಬೆರೆಸುತ್ತಿದ್ದ ತಪ್ಪನ್ನು ನಿಲ್ಲಿಸಿತು. ಮಾರನೇ ದಿನವೇ ಡೇವ್ ಉಲ್ಮರ್ ಇಲ್ಲೇ ಬೀವರ್‌ಕ್ರೀಕ್ ಕಡೆಯ ಕಾಡಿನಲ್ಲಿ ಒಂದು ಕಪ್ಪು ಬಕೆಟ್ ಇಟ್ಟರು, ಮೊಟ್ಟಮೊದಲ ಕ್ಯಾಶ್ ಅದೇ. ಅದರಲ್ಲಿ ಪುಸ್ತಕ, ಸಾಫ್ಟ್‌ವೇರ್, ಕವಣೆ, ಜೊತೆಗೆ ಒಂದು ಡಬ್ಬಿ ಬೀನ್ಸ್. ಈಗ ಆ ಜಾಗದಲ್ಲಿ ಫಲಕ ಇದೆ. ಪಾರ್ಕ್‌ನಿಂದ ಕಾರಿನಲ್ಲಿ ಸ್ವಲ್ಪವೇ ದೂರ. ಇಷ್ಟು ಹತ್ತಿರ ಇದ್ದುಕೊಂಡು ನಮ್ಮ ಮಕ್ಕಳು ಪಿಕ್ನಿಕ್ಕಿನಲ್ಲಿ ಫೋನ್ ಹಿಡಿದು ಕೂತಿರುತ್ತಾರಲ್ಲ ಅನ್ನುವುದೇ ನನಗೆ ಬೇಜಾರು.

ಮೊದಲ ಸಲ ಮಾಡಿದ್ದು 2017ರಲ್ಲಿ. ಸೂರ್ಯಗ್ರಹಣದ ವರ್ಷ, ಅದಕ್ಕೇ ನೆನಪಿದೆ. ಆಗ ನನ್ನ ಹತ್ತಿರ ಇದ್ದದ್ದು ಒಂದೇ ಯಂತ್ರ, ಹಳದಿ ಬಣ್ಣದ ಗಾರ್ಮಿನ್ ಈಟ್ರೆಕ್ಸ್ 10. ಉಳಿದ ಐದನ್ನು ಗೆಳೆಯರಿಂದ ಕೇಳಿ ತಂದೆ. ಐದೂ ಐದು ಥರ. ಡಬ್ಬಿ ಇರುವ ಜಾಗದ ಅಕ್ಷಾಂಶ ರೇಖಾಂಶದ ಅಂಕಿಗಳನ್ನು ಚೀಟಿಯಲ್ಲಿ ಬರೆದು ಕೊಟ್ಟೆ, ಅವರೇ ಒತ್ತಿಕೊಳ್ಳಲಿ ಅಂತ. ಎರಡು ಯಂತ್ರಗಳು ಡಿಗ್ರಿ-ನಿಮಿಷ-ಸೆಕೆಂಡ್‌ನಲ್ಲಿದ್ದವು. ನಾನು ಕೊಟ್ಟಿದ್ದು ನಾವೆಲ್ಲ ಬಳಸುವ ನಿಮಿಷದ ದಶಮಾಂಶ. ಅಕ್ಷಾಂಶದ 17.460 ನಿಮಿಷ ಅನ್ನುವುದನ್ನು 17 ನಿಮಿಷ 46 ಸೆಕೆಂಡ್ ಅಂತ ಒತ್ತಿದರೆ ಏನಾಗುತ್ತದೆ? ನಿಜವಾಗಿ ಅದು 27.6 ಸೆಕೆಂಡ್. ಸುಮಾರು ಐನೂರ ಎಪ್ಪತ್ತು ಮೀಟರ್ ಆಚೆ ಹೋಗಿ ನಿಲ್ಲುತ್ತೀರಿ. ಒಂದು ಗುಂಪಿಗೆ ಯಂತ್ರದ ಬಾಣ ನದಿಯ ಆಚೆ ದಡ ತೋರಿಸಿತು. ಮಕ್ಕಳು ನೀರಿನ ಅಂಚಿಗೆ ಹೋಗಿ ನಿಂತಿದ್ದರು. ದೊಡ್ಡವರು ಜೊತೆಗಿದ್ದರು, ಏನೂ ಆಗಲಿಲ್ಲ. ಆದರೆ ಆ ಸಂಜೆ ನನಗೆ ಊಟ ಸೇರಲಿಲ್ಲ. ಅವತ್ತಿನಿಂದ ಎರಡು ನಿಯಮ. ಅಂಕಿ ಒತ್ತುವ ಕೆಲಸ ಆಟಗಾರರಿಗೆ ಕೊಡುವುದಿಲ್ಲ. ನದಿ ಒಂದು ಪಕ್ಕಕ್ಕೇ ಇರುವ ಹಾಗೆ ಡಬ್ಬಿ ಇಡುತ್ತೇನೆ, ತಪ್ಪಿದರೂ ನೀರಿನ ಕಡೆ ಹೋಗಬಾರದು.

ಎಲ್ಲ ಒಂದೇ ಮಾದರಿ ಆಗಬೇಕು ಅಂತ ಆಗಲೇ ತೀರ್ಮಾನ ಮಾಡಿದೆ. ಪಿಕ್ನಿಕ್ ಮಂಡಳಿಯನ್ನು ದುಡ್ಡು ಕೇಳಿದೆ. ಕೊಡಲಿಲ್ಲ. ಫೋನ್ ಮಾತು ಮತ್ತೆ ಬಂತು. ಅವರು ಹೇಳುವುದು ಸುಳ್ಳೇನಲ್ಲ. ಫೋನಿನಲ್ಲೂ ಜಿಪಿಎಸ್ ಚೆನ್ನಾಗೇ ಇದೆ, ನೆಟ್‌ವರ್ಕ್ ಇಲ್ಲದಿದ್ದರೂ ಜಾಗ ತೋರಿಸುತ್ತದೆ. ಆದರೆ ಎಂಟು ಜನರ ಗುಂಪಿನಲ್ಲಿ ಎಂಟು ಫೋನ್ ಇದ್ದರೆ ಎಂಟು ತಲೆಗಳೂ ಬಗ್ಗಿರುತ್ತವೆ. ಒಂದೇ ಯಂತ್ರ ಇದ್ದರೆ ಎಲ್ಲರೂ ಅದರ ಸುತ್ತ ಸೇರುತ್ತಾರೆ, ಜಗಳ ಆಡುತ್ತಾರೆ, ಕೈ ತೋರಿಸುತ್ತಾರೆ. ನನಗೆ ಬೇಕಾಗಿದ್ದು ಅದೇ.

ಸ್ವಂತ ದುಡ್ಡು ಹಾಕಿದೆ. ಬಳಸಿದ ಈಟ್ರೆಕ್ಸ್ 10 ಒಂದೊಂದು ನಲವತ್ತರಿಂದ ಐವತ್ತು ಡಾಲರ್‌ಗೆ ಸಿಕ್ಕವು. ಒಂದು ಇಪ್ಪತ್ತೆಂಟಕ್ಕೇ ಬಂತು, ರಬ್ಬರ್ ಗುಂಡಿ ಸ್ವಲ್ಪ ಸವೆದಿತ್ತು ಅಷ್ಟೆ. ಎಲ್ಲಿ ಕೊಳ್ಳುತ್ತೇನೆ ಅಂತ ಮಾತ್ರ ಹೇಳುವುದಿಲ್ಲ. ಇನ್ನೂ ಎರಡು ಬೇಕಾಗಿವೆ, ಬೆಲೆ ಏರಬಾರದು. ಏಳು ಯಂತ್ರಕ್ಕೆ ಮುನ್ನೂರರ ಹತ್ತಿರ ಆಯಿತು. ಡಬ್ಬಿ, ಬ್ಯಾಟರಿ, ಚಾರ್ಜರ್ ಎಲ್ಲ ಸೇರಿಸಿದರೆ ಇವತ್ತಿಗೆ ಐನೂರು ಡಾಲರ್ ದಾಟಿರಬೇಕು.

2018ರಲ್ಲಿ ಬ್ಯಾಟರಿ ಕೈಕೊಟ್ಟಿತು. ಅಗ್ಗದ ರೀಚಾರ್ಜಬಲ್ ತಂದಿದ್ದೆ. ಈ ಯಂತ್ರ ಎರಡು ಎಎ ಬ್ಯಾಟರಿಯಲ್ಲಿ ಇಪ್ಪತ್ತೈದು ಗಂಟೆ ನಡೆಯುತ್ತದೆ ಅನ್ನುತ್ತಾರೆ. ನನ್ನವು ಆಟ ಅರ್ಧ ಆಗುವ ಮುಂಚೆ ಮೂರು ಸತ್ತವು. ಇನ್ನೊಂದೆರಡು ಬ್ಯಾಟರಿ ಖಾಲಿ ಅಂತ ಸುಮ್ನೆ ಕೂಗಿಕೊಳ್ಳುತ್ತಿದ್ದವು. ಸೆಟಪ್‌ನಲ್ಲಿ ಬ್ಯಾಟರಿ ಜಾತಿ ಆಲ್ಕಲೈನ್ ಅಂತಲೇ ಬಿಟ್ಟಿದ್ದೆ. ರೀಚಾರ್ಜಬಲ್ 1.2 ವೋಲ್ಟ್, ಅದು ಮುಗಿಯುತ್ತಿದೆ ಅಂತ ಯಂತ್ರ ಭಾವಿಸುತ್ತದೆ. ಈಗ ಎನೆಲೂಪ್ ಅನ್ನುವ ರೀಚಾರ್ಜಬಲ್ ಬ್ಯಾಟರಿ ಹಾಕುತ್ತೇನೆ, ಸೆಟ್ಟಿಂಗ್ ಬದಲಿಸಿದ್ದೇನೆ, ತೊಂದರೆಯೇ ಇಲ್ಲ.

ಅದೇ ವರ್ಷ ಇನ್ನೊಂದು ತಪ್ಪು. ಮಕ್ಕಳಿಗೆ ಖುಷಿ ಆಗಲಿ ಅಂತ ಡಬ್ಬಿಯಲ್ಲಿ ಕಡಲೆ ಚಿಕ್ಕಿ ಇಟ್ಟೆ. ಕ್ಯಾಶ್‌ನಲ್ಲಿ ತಿಂಡಿ ಇಡಬಾರದು ಅನ್ನುವುದು ನಮಗೆಲ್ಲ ಗೊತ್ತಿರುವ ನಿಯಮ. ಒಂದೇ ದಿನ ಅಲ್ವಾ ಅಂತ ಇಟ್ಟೆ. ರಾತ್ರಿ ಯಾವುದೋ ಪ್ರಾಣಿ ಪ್ಲಾಸ್ಟಿಕ್ ಮುಚ್ಚಳ ಕಡಿದು ಎರಡು ಡಬ್ಬಿ ಖಾಲಿ ಮಾಡಿತ್ತು. ಪುಸ್ತಕವನ್ನೂ ಹರಿದಿತ್ತು. ಈಗ ಚಿಕ್ಕಿ ಊಟದ ಜಾಗದಲ್ಲಿ ಕೊಡುತ್ತೇನೆ, ಡಬ್ಬಿಯಲ್ಲಿ ಬಳೆ, ಗೋಲಿ, ಹಳೆಯ ನಾಲ್ಕಾಣೆ ಎಂಟಾಣೆ ನಾಣ್ಯ. ನಾಣ್ಯಕ್ಕೆ ಇಲ್ಲಿ ಹುಟ್ಟಿದ ಮಕ್ಕಳು ಮುಗಿಬೀಳುತ್ತಾರೆ.

ಇನ್ನು 2019. ಅವತ್ತು ಕಲಿತದ್ದೇ ಈ ಬರಹದ ತಿರುಳು.

ಬ್ಯಾಟರಿ ಭಯದಿಂದ ಎಲ್ಲ ಯಂತ್ರದಲ್ಲೂ ಗ್ಲೋನಾಸ್, ಅಂದರೆ ರಷ್ಯಾದ ಉಪಗ್ರಹಗಳನ್ನು ಹಿಡಿಯುವುದನ್ನು, ಆಫ್ ಮಾಡಿದ್ದೆ, ಜಿಪಿಎಸ್ ಮಾತ್ರ. ಪಿಕ್ನಿಕ್ ಹಿಂದಿನ ವಾರ ರಜೆ ಹಾಕಿ ಪಾರ್ಕ್‌ನಲ್ಲೇ ಟೆಂಟ್ ಹಾಕಿದೆ. ಮೂರು ದಿನ, ಬೆಳಗ್ಗೆ ಏಳಕ್ಕೆ ಎದ್ದು, ಪ್ರತಿ ಜಾಗದಲ್ಲೂ ವೇಪಾಯಿಂಟ್ ಆವರೇಜ್ ಮಾಡಿದೆ, ಅಂದರೆ ಒಂದೇ ಜಾಗವನ್ನು ಮತ್ತೆ ಮತ್ತೆ ಅಳೆದು ಸರಾಸರಿ ತೆಗೆಯುವುದು. ಮೂರು ದಿನದ ಅಂಕಿಗಳೂ ಎರಡು ಮೂರು ಮೀಟರ್ ಒಳಗೆ ಹೊಂದಿದವು. ಇನ್ನೇನು ಬೇಕು ಅಂತ ಸಮಾಧಾನ ಆಯಿತು. ಪಿಕ್ನಿಕ್ ದಿನ ಹನ್ನೊಂದೂವರೆಗೆ ಆಟ ಶುರು. ಸೀಡರ್ ಕೆಳಗಿದ್ದ ನಾಲ್ಕು ಡಬ್ಬಿ ಯಾರಿಗೂ ಸಿಗಲಿಲ್ಲ. ಬಾಣ ಹದಿನೈದು ಮೀಟರ್ ಆಚೆಯ ಪೊದೆಗೆ ಕರೆದುಕೊಂಡು ಹೋಗುತ್ತಿತ್ತು. ನನ್ನ ಯಂತ್ರವೂ ಅದನ್ನೇ ಹೇಳುತ್ತಿತ್ತು. ನಲವತ್ತು ನಿಮಿಷ ನೋಡಿ ಜನ ಊಟಕ್ಕೆ ಹೊರಟರು.

ಕಾರಣ ತಿಳಿಯಲು ಎರಡು ವಾರ ಬೇಕಾಯಿತು. ಜಿಪಿಎಸ್ ಉಪಗ್ರಹ ಭೂಮಿಯನ್ನು ಹೆಚ್ಚುಕಡಿಮೆ ಹನ್ನೆರಡು ಗಂಟೆಗೆ ಒಂದು ಸುತ್ತು ಹಾಕುತ್ತದೆ. ಮಾರನೇ ದಿನ ನಾಲ್ಕು ನಿಮಿಷ ಮುಂಚೆ ಅವೆಲ್ಲ ಮತ್ತೆ ಅದೇ ಜಾಗಕ್ಕೆ ಬರುತ್ತವೆ. ಅಂದರೆ ನಾನು ಮೂರು ದಿನವೂ ಏಳಕ್ಕೆ ನೋಡಿದ್ದು ಒಂದೇ ಆಕಾಶ. ಅದೇ ಮರ ಅದೇ ಉಪಗ್ರಹವನ್ನು ಮುಚ್ಚಿತ್ತು. ಅದೇ ತಪ್ಪು ಮೂರು ಸಲ ಬಂದು ಒಂದಕ್ಕೊಂದು ಹೊಂದಿಕೊಂಡಿತು. ಹೊಂದಿದ್ದು ಅಂಕಿ, ಜಾಗ ಅಲ್ಲ. ಗಾರ್ಮಿನ್ ಕೈಪಿಡಿಯಲ್ಲೇ ಇದೆ: ನಾಲ್ಕರಿಂದ ಎಂಟು ಸಲ ಅಳೆಯಿರಿ, ನಡುವೆ ಕನಿಷ್ಠ ತೊಂಬತ್ತು ನಿಮಿಷ ಬಿಡಿ. ಎಷ್ಟೋ ಸಲ ಓದಿ ಮುಂದೆ ಹೋಗಿದ್ದೆ. ಈಗ ಒಂದೇ ದಿನದಲ್ಲಿ ಐದು ಸಲ ಸುತ್ತುತ್ತೇನೆ, ಬೆಳಗ್ಗೆ ಏಳರಿಂದ ಸಂಜೆಯವರೆಗೆ. ಅದರಲ್ಲಿ ಒಂದು ಸುತ್ತು ಆಟ ನಡೆಯುವ ಹೊತ್ತಿಗೇ ಇರಬೇಕು. ಗ್ಲೋನಾಸ್ ಮತ್ತೆ ಆನ್. ಬ್ಯಾಟರಿ ಸ್ವಲ್ಪ ಜಾಸ್ತಿ ತಿನ್ನುತ್ತದೆ, ತಿನ್ನಲಿ.

2019ರಲ್ಲಿ ಇನ್ನೊಂದು ಗಲಾಟೆಯೂ ಇತ್ತು. ಆ ಏಪ್ರಿಲ್‌ನಲ್ಲಿ ಜಿಪಿಎಸ್ ತಾರೀಖು ಲೆಕ್ಕ ಹಾಕುವ ವಾರದ ಎಣಿಕೆ ಸೊನ್ನೆಗೆ ಮರಳಿತ್ತಲ್ಲ? ಸ್ನೇಹಿತರೊಬ್ಬರ ತೀರಾ ಹಳೆಯ ಯಂತ್ರ ಇಪ್ಪತ್ತು ವರ್ಷ ಹಿಂದಿನ ತಾರೀಖು ತೋರಿಸುತ್ತಿತ್ತು. ಅದು ಹಾಳಾಗಿದೆ ಅಂತ ಎಸೆಯಲು ಹೊರಟಿದ್ದರು. ಜಾಗ ಸರಿಯಾಗೇ ತೋರಿಸುತ್ತಿತ್ತು, ಇಸಿದುಕೊಂಡೆ. ಈಗಲೂ ಹೆಚ್ಚುವರಿ ಅಂತ ಚೀಲದಲ್ಲಿದೆ.

ಮುಂದಿನ ಎರಡು ಬೇಸಿಗೆ ಪಿಕ್ನಿಕ್ ನಡೆಯಲಿಲ್ಲ. ಆ ಬಿಡುವಿನಲ್ಲಿ ಸುಮಾರು ಪ್ರಯೋಗ ಮಾಡಿದೆ. ಎಲ್1, ಎಲ್5 ಅನ್ನುವ ಎರಡು ಸಿಗ್ನಲ್‌ಗಳನ್ನೂ ಹಿಡಿಯುವ ಜಿಪಿಎಸ್‌ಮ್ಯಾಪ್ 65 ಮಾದರಿಯನ್ನು ಒಬ್ಬರಿಂದ ತಂದು ಅದೇ ಸೀಡರ್ ಕೆಳಗೆ ನಿಲ್ಲಿಸಿದೆ. ನನ್ನ ಹಳದಿ ಯಂತ್ರ ಎಂಟು ಹತ್ತು ಮೀಟರ್ ಓಡಾಡುವ ಕಡೆ ಅದು ಮೂರು ನಾಲ್ಕು ಮೀಟರ್‌ನಲ್ಲಿ ನಿಂತಿತು. ತುಂಬಾ ಚೆನ್ನಾಗಿದೆ. ಆದರೆ ಅದರ ದುಡ್ಡಿಗೆ ನನ್ನ ಎಂಟೂ ಬರುತ್ತವೆ. ಡಬ್ಬಿ ಇಡುವವರು ಒಬ್ಬರು ಅದನ್ನು ಇಟ್ಟುಕೊಂಡರೆ ಸಾಕು, ಹುಡುಕುವವರಿಗೆ ಬೇಡ.

ಊರಿಗೆ ಹೋದಾಗ ಒಂದನ್ನು ತೀರ್ಥಹಳ್ಳಿ ಕಡೆ ನಮ್ಮ ಅಡಿಕೆ ತೋಟಕ್ಕೂ ತಗೊಂಡು ಹೋದೆ. ಅಷ್ಟು ದೂರ ಆಫ್ ಆಗಿ ಹೋದದ್ದಕ್ಕೆ ಮೊದಲ ಸಲ ಉಪಗ್ರಹ ಹಿಡಿಯಲು ಹತ್ತು ನಿಮಿಷದ ಮೇಲಾಯಿತು. ಮಳೆಗಾಲದಲ್ಲಿ ಒದ್ದೆ ಸೋಗೆಯ ಕೆಳಗೆ ಸೀಡರ್‌ಗಿಂತ ಕಷ್ಟ. ಮನೆಯಲ್ಲಿದ್ದ ಸರ್ವೆ ಆಫ್ ಇಂಡಿಯಾದ ಹಳೇ ನಕ್ಷೆಯ ಜೊತೆ ಹೋಲಿಸಿದರೆ ನಮ್ಮ ಬಾವಿ ನೂರು ಮೀಟರ್‌ಗೂ ಆಚೆ, ಪಕ್ಕದವರ ಗದ್ದೆಯಲ್ಲಿ ಬಂತು. ಆ ನಕ್ಷೆಯ ಡೇಟಮ್, ಅಂದರೆ ಅಕ್ಷಾಂಶ ರೇಖಾಂಶ ಅಳೆಯಲು ಆಧಾರವಾಗಿ ಹಿಡಿದ ಭೂಮಿಯ ಲೆಕ್ಕ, ಎವರೆಸ್ಟ್; ನಮ್ಮ ಯಂತ್ರದ್ದು ಡಬ್ಲ್ಯುಜಿಎಸ್84. ಹಳೇ ನಕ್ಷೆ ಹಿಡಿದು ಮಲೆನಾಡಿನಲ್ಲಿ ಡಬ್ಬಿ ಇಡುವವರು ಇದನ್ನು ಮರೆಯಬೇಡಿ. ಒಂದು ಎಚ್ಚರಿಕೆ ಕೂಡ: ಉಪಗ್ರಹದ ಮೂಲಕ ಮೆಸೇಜ್ ಕಳಿಸುವ ಇನ್‌ರೀಚ್ ಥರದ್ದನ್ನು ಅನುಮತಿ ಇಲ್ಲದೆ ಭಾರತಕ್ಕೆ ಒಯ್ಯಬೇಡಿ, ಅದು ಅಪರಾಧ. ನಾನು ಒಯ್ದದ್ದು ಸಿಗ್ನಲ್ ಬರೀ ಕೇಳುವ ಯಂತ್ರ.

ಈಗ ನಾನು ಮಾಡುವ ಕ್ರಮ ಹೇಳುತ್ತೇನೆ. ಮೊದಲು ರೇಂಜರ್ ಹತ್ತಿರ ಅನುಮತಿ. ನೆಲ ಅಗೆಯುವುದಿಲ್ಲ, ಅವತ್ತೇ ಎಲ್ಲ ತೆಗೆಯುತ್ತೇವೆ ಅಂದರೆ ಒಪ್ಪುತ್ತಾರೆ. ಎಂಟು ಜಾಗಗಳ ಒಂದೇ ಜಿಪಿಎಕ್ಸ್ ಫೈಲ್ ಮಾಡಿ ಎಲ್ಲ ಯಂತ್ರಕ್ಕೂ ಕೇಬಲ್‌ನಿಂದ ಹಾಕುತ್ತೇನೆ. ಆಟಕ್ಕೆ ಒಂದು ಗಂಟೆ ಮುಂಚೆ ಎಂಟನ್ನೂ ಆನ್ ಮಾಡಿ ಬಯಲಿನ ಮೇಜಿನ ಮೇಲೆ ಸಾಲಾಗಿ ಇಡುತ್ತೇನೆ. ಯಾವ ಉಪಗ್ರಹ ಎಲ್ಲಿದೆ ಅನ್ನುವ ಪಟ್ಟಿ, ಅಂದರೆ ಅಲ್ಮನಾಕ್, ಪೂರ್ತಿ ಇಳಿಯಲು ಹನ್ನೆರಡೂವರೆ ನಿಮಿಷ ಬೇಕು, ಆ ಹೊತ್ತು ಮಕ್ಕಳ ಕೈಯಲ್ಲಿ ಕಳೆಯಬಾರದು. ಪ್ರತಿ ಗುಂಪೂ ಬೇರೆ ಡಬ್ಬಿಯಿಂದ ಶುರು ಮಾಡುತ್ತದೆ. ಇಲ್ಲದಿದ್ದರೆ ಮುಂದಿನವರ ಬೆನ್ನು ನೋಡಿಕೊಂಡು ಹಿಂದಿನವರು ಹೋಗುತ್ತಾರೆ. ಎರಡು ಡಬ್ಬಿ ಕಾಂಕ್ರೀಟ್ ದಾರಿ ಪಕ್ಕದಲ್ಲೇ ಇರುತ್ತವೆ, ಮಂಡಿ ನೋವಿರುವವರಿಗೂ ಸಿಗಬೇಕಲ್ಲ.

ಆಟಗಾರರಿಗೆ ಹೇಳುವುದು ಮೂರೇ ಮಾತು. ಯಂತ್ರವನ್ನು ಅಂಗೈ ಮೇಲೆ ತಟ್ಟೆಯ ಹಾಗೆ ಹಿಡಿಯಿರಿ. ಈಟ್ರೆಕ್ಸ್‌ನ ಆಂಟೆನಾ ಚಪ್ಪಟೆ, ಆಕಾಶ ನೋಡುತ್ತಿರಬೇಕು. ನಿಂತು ಬಾಣ ನೋಡಬೇಡಿ, ನಡೆಯುತ್ತಾ ನೋಡಿ. ಈಟ್ರೆಕ್ಸ್ 10ರಲ್ಲಿ ಕಂಪಾಸ್ ಇಲ್ಲ, ನಡೆದರಷ್ಟೇ ಅದಕ್ಕೆ ದಿಕ್ಕು ತಿಳಿಯುವುದು. ಹತ್ತು ಮೀಟರ್ ಅಂತ ಬಂದ ಕೂಡಲೇ ಯಂತ್ರವನ್ನು ಜೇಬಿಗೆ ಹಾಕಿ. ಮೂರನೆಯದು ಎಲ್ಲಕ್ಕಿಂತ ಮುಖ್ಯ. 2019ರವರೆಗೆ ಜನ ಕೊನೆಯ ಹತ್ತು ಮೀಟರ್‌ನಲ್ಲಿ ಬಾಣದ ಹಿಂದೆ ಗಿರಗಿರ ಸುತ್ತುತ್ತಿದ್ದರು. ಈಗ ತಲೆ ಎತ್ತಿ ಮರ, ಬುಡ, ಕಲ್ಲು ನೋಡುತ್ತಾರೆ. ನಾನು ಕೊಡುವ ಸುಳಿವೂ ಆ ಹತ್ತು ಮೀಟರ್‌ಗೇ ಹೊಂದುವಂಥದ್ದು, ಕನ್ನಡ ಒಗಟಿನಲ್ಲಿ. ಒಗಟು ಬಿಡಿಸಲು ಮಕ್ಕಳು ಅಜ್ಜ ಅಜ್ಜಿಯನ್ನೇ ಕೇಳಬೇಕು. ಗುಂಪಿನಲ್ಲಿ ಹಿರಿಯರು ಹಿಂದೆ ಉಳಿಯುವುದು ಹೀಗೆ ತಪ್ಪಿತು.

ಎಂಟನೇ ಡಬ್ಬಿ ಹೇಗೆ ಇಡುತ್ತೇನೆ ಅಂತ ಎಷ್ಟೋ ಜನ ಕೇಳಿದ್ದಾರೆ. ಅದನ್ನು ಬರೆಯಲಾರೆ, ಮುಂದಿನ ಸಲ ಹುಡುಕಬೇಕಾದ ಮಕ್ಕಳು ಕನ್ನಡ ಓದಲು ಕಲಿತಿದ್ದಾರೆ. 2022ರಲ್ಲಿ ಅದನ್ನು ಮೊದಲು ಕಂಡದ್ದು ಹಾಸನದಿಂದ ಮಗಳ ಮನೆಗೆ ಬಂದಿದ್ದ ಹಿರಿಯರೊಬ್ಬರು. ಡಬ್ಬಿ ಎತ್ತಿ ಹಿಡಿದು ಮೊಮ್ಮಗನನ್ನು ಕೂಗಿದ್ದು ಊಟದ ಜಾಗದವರೆಗೂ ಕೇಳಿಸಿತು.

ಆ ವರ್ಷದಿಂದ ಮಂಡಳಿಯವರು ಬ್ಯಾಟರಿ ಮತ್ತು ಡಬ್ಬಿಗೆ ಅಂತ ನೂರೈವತ್ತು ಡಾಲರ್ ಕೊಡುತ್ತಿದ್ದಾರೆ. ಈ ಸಲ ಹತ್ತು ಗುಂಪು ಮಾಡೋಣ ಅಂತ ಅವರೇ ಕೇಳಿದ್ದಾರೆ. ಸವೆದ ಗುಂಡಿಯ ಯಂತ್ರಕ್ಕೆ ಹೊಸ ರಬ್ಬರ್ ಹಾಕಿದ್ದಾಗಿದೆ. ಇನ್ನೆರಡನ್ನು ಹುಡುಕುತ್ತಿದ್ದೇನೆ.