ತೈಲ ನಿರ್ಬಂಧ ಸಡಿಲಿಕೆಗೆ ಸೆನೆಟರ್ ವಿರೋಧ: ಈ ಸುದ್ದಿಯನ್ನು ಬಿಡಿಸಿ ಓದುವುದು ಹೇಗೆ?

‘ಇರಾನ್ ತೈಲದ ಮೇಲಿನ ನಿರ್ಬಂಧ ಸಡಿಲಿಸಲು ಅಮೆರಿಕದ ಸೆನೆಟರ್ ವಿರೋಧ.’ ಇಂಥ ತಲೆಬರಹ ಕಂಡರೆ ನಮ್ಮಲ್ಲಿ ಹೆಚ್ಚಿನವರು ಪುಟ ತಿರುಗಿಸಿಬಿಡುತ್ತೇವೆ. ಎಲ್ಲೋ ವಾಷಿಂಗ್ಟನ್‌ನ ಜಗಳ, ನಮಗ್ಯಾಕೆ ಅನ್ನಿಸುತ್ತದೆ. ಆದರೆ ಮಂಗಳೂರಿನ ಎಂಆರ್‌ಪಿಎಲ್ ಒಂದು ಕಾಲದಲ್ಲಿ ಭಾರತದಲ್ಲೇ ಅತಿ ಹೆಚ್ಚು ಇರಾನ್ ಕಚ್ಚಾ ತೈಲ ಕೊಳ್ಳುತ್ತಿದ್ದ ರಿಫೈನರಿ. ಅಮೆರಿಕದ ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ನಲ್ಲಿ ಸೇರಿಸಿದ ಒಂದು ತಿದ್ದುಪಡಿ ಅದರ ವ್ಯಾಪಾರವನ್ನೇ ಬದಲಿಸಿತು. ಹಾಗಾಗಿ ಈ ಸುದ್ದಿಗಳನ್ನು ಓದಲು ಕಲಿಯಲೇಬೇಕು ಎಂಬುದು ನನ್ನ ಅಭಿಪ್ರಾಯ. ಉದಾಹರಣೆಗೆ ಒಬ್ಬರನ್ನೇ ಹಿಡಿದುಕೊಳ್ಳೋಣ: ನ್ಯೂಜೆರ್ಸಿಯ ಡೆಮಾಕ್ರಟಿಕ್ ಸೆನೆಟರ್ ಆಗಿದ್ದ ಬಾಬ್ ಮೆನೆಂಡೆಜ್.

ಮೊದಲ ಹೆಜ್ಜೆ: ಹೇಳಿಕೆ ಬಿಡಿ, ಕೈಯಲ್ಲಿರುವ ಅಧಿಕಾರ ನೋಡಿ

ವಿರೋಧಿಸುವವರು ಬಹಳ ಜನ ಇರುತ್ತಾರೆ. ಅವರಿಗೆ ಯಾವ ಸಮಿತಿಯಲ್ಲಿ ಯಾವ ಸ್ಥಾನ ಇದೆ, ದೇಶದ ಅಧ್ಯಕ್ಷರು ಅವರದೇ ಪಕ್ಷದವರಾ ಅಂತ ಮೊದಲು ನೋಡಿ. 2013ರಲ್ಲಿ ಮೆನೆಂಡೆಜ್ ಸೆನೆಟ್‌ನ ವಿದೇಶಾಂಗ ಸಮಿತಿಯ ಅಧ್ಯಕ್ಷರಾಗಿದ್ದರು. ಆಗ ದೇಶದ ಅಧ್ಯಕ್ಷರಾಗಿದ್ದ ಒಬಾಮ ಕೂಡ ಮೆನೆಂಡೆಜ್ ಪಕ್ಷದವರೇ. ಎದುರು ಪಕ್ಷದವರ ವಿರೋಧ ನಿರೀಕ್ಷಿತ. ಸ್ವಂತ ಪಕ್ಷದ ಸಮಿತಿ ಅಧ್ಯಕ್ಷರೇ ಎದ್ದು ನಿಂತರೆ ಅದಕ್ಕೆ ತೂಕ ಜಾಸ್ತಿ.

ಎರಡನೇ ಹೆಜ್ಜೆ: ನಿರ್ಬಂಧ ಎಲ್ಲಿ ಬರೆದಿದೆ ಅಂತ ಹುಡುಕಿ

ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ಅಧ್ಯಕ್ಷರು ತಮ್ಮ ಆದೇಶದಿಂದ ಹಾಕಿದ ನಿರ್ಬಂಧವನ್ನು ಅಧ್ಯಕ್ಷರೇ ತೆಗೆಯಬಹುದು. ಕಾಂಗ್ರೆಸ್, ಅಂದರೆ ಅಮೆರಿಕದ ಸಂಸತ್ತು, ಕಾನೂನು ಮಾಡಿ ಹಾಕಿದ್ದನ್ನು ರದ್ದು ಮಾಡಲು ಮತ್ತೆ ಕಾಂಗ್ರೆಸ್ಸೇ ಬೇಕು.

2011ರ ಕೊನೆಯಲ್ಲಿ ಮೆನೆಂಡೆಜ್ ಮತ್ತು ರಿಪಬ್ಲಿಕನ್ ಸೆನೆಟರ್ ಮಾರ್ಕ್ ಕರ್ಕ್ ಸೇರಿ ಒಂದು ತಿದ್ದುಪಡಿ ತಂದರು. ಇರಾನ್‌ನ ಸೆಂಟ್ರಲ್ ಬ್ಯಾಂಕ್ ಮೂಲಕ ತೈಲದ ದುಡ್ಡು ಸಾಗಿಸುವ ವಿದೇಶಿ ಬ್ಯಾಂಕುಗಳಿಗೆ ಅಮೆರಿಕದ ಬ್ಯಾಂಕುಗಳ ಬಾಗಿಲು ಮುಚ್ಚಬಹುದು ಎಂಬುದು ಅದರ ತಿರುಳು. ಒಬಾಮ ಸರ್ಕಾರಕ್ಕೆ ಇದು ಇಷ್ಟವಿರಲಿಲ್ಲ. ತೈಲದ ಬೆಲೆ ಏರಬಹುದು, ಮಿತ್ರ ದೇಶಗಳು ಮುನಿಸಿಕೊಳ್ಳಬಹುದು ಎಂಬ ಆತಂಕ. ಆದರೂ ಸೆನೆಟ್ 100–0 ಮತಗಳಿಂದ ಒಪ್ಪಿತು. ತಿದ್ದುಪಡಿಯನ್ನು ಸೇರಿಸಿದ್ದು ಸೇನೆಯ ವಾರ್ಷಿಕ ಮಸೂದೆಗೆ. ಅದನ್ನು ವೀಟೊ ಮಾಡುವುದು, ಅಂದರೆ ಒಪ್ಪದೆ ವಾಪಸ್ ಕಳಿಸುವುದು, ಯಾವ ಅಧ್ಯಕ್ಷರಿಗೂ ಕಷ್ಟ. 2011ರ ಡಿಸೆಂಬರ್ 31ರಂದು ಒಬಾಮ ಸಹಿ ಹಾಕಿದರು. ಒಬ್ಬ ಶಾಸಕ ಯಾವ ಮಸೂದೆಗೆ ತನ್ನ ಮಾತನ್ನು ಪೋಣಿಸುತ್ತಾನೆ ಎಂಬುದು ಮಾತಿನಷ್ಟೇ ಮುಖ್ಯ. ಇದನ್ನು ಸುದ್ದಿಯಲ್ಲಿ ಹುಡುಕಿ ಓದಿ.

ಆ ಕಾನೂನಿನಲ್ಲಿ ಒಂದು ಕಿಂಡಿ ಇತ್ತು. ಇರಾನ್‌ನಿಂದ ಕೊಳ್ಳುವುದನ್ನು ಗಣನೀಯವಾಗಿ ಕಡಿಮೆ ಮಾಡಿದ ದೇಶಕ್ಕೆ 180 ದಿನಗಳ ವಿನಾಯಿತಿ ಸಿಗುತ್ತಿತ್ತು. 2012ರ ಜೂನ್‌ನಲ್ಲಿ ಭಾರತಕ್ಕೂ ಸಿಕ್ಕಿತು. ಅದು ಮುಂದುವರಿಯಬೇಕಾದರೆ ಖರೀದಿ ಇಳಿಯುತ್ತಲೇ ಹೋಗಬೇಕು. ಯುರೋಪ್ ಕೂಡ ವಿಮೆಯ ನಿರ್ಬಂಧ ಹಾಕಿತು. ಇರಾನ್ ತೈಲ ಸಂಸ್ಕರಿಸಿದರೆ ಸ್ಥಾವರಕ್ಕೆ ವಿಮೆಯೇ ಸಿಗದ ಸ್ಥಿತಿ ಬಂದು, 2013ರಲ್ಲಿ ಎಂಆರ್‌ಪಿಎಲ್ ಕೆಲವು ತಿಂಗಳು ಆ ತೈಲ ತರಿಸುವುದನ್ನೇ ನಿಲ್ಲಿಸಿತು. ದುಡ್ಡು ಕಟ್ಟುವುದೂ ಸುಲಭವಿರಲಿಲ್ಲ. ಬೆಲೆಯ 45 ಶೇಕಡಾ ಭಾಗ ರೂಪಾಯಿಯಲ್ಲಿ ಕೋಲ್ಕತ್ತದ ಯುಕೋ ಬ್ಯಾಂಕಿಗೆ ಹೋಗುತ್ತಿತ್ತು. ಉಳಿದದ್ದು ಬಾಕಿಯಾಗಿ ಬೆಳೆಯಿತು.

ಮೂರನೇ ಹೆಜ್ಜೆ: ‘ಸಡಿಲಿಕೆ’ ಅಂದರೆ ರದ್ದಾ, ವಿನಾಯಿತಿಯಾ?

ಪತ್ರಿಕೆಗಳಲ್ಲಿ ಎರಡನ್ನೂ ಒಂದೇ ರೀತಿ ಬರೆಯುತ್ತಾರೆ. ವ್ಯತ್ಯಾಸ ಮಾತ್ರ ಬಹಳ ದೊಡ್ಡದು. 2015ರ ಜುಲೈ 14ರಂದು ವಿಯೆನ್ನಾದಲ್ಲಿ ಇರಾನ್ ಪರಮಾಣು ಒಪ್ಪಂದ ಆಯಿತು: ಇರಾನ್ ತನ್ನ ಪರಮಾಣು ಕಾರ್ಯಕ್ರಮಕ್ಕೆ ಮಿತಿ ಹಾಕಿಕೊಳ್ಳಬೇಕು, ಬದಲಿಗೆ ನಿರ್ಬಂಧ ಸಡಿಲವಾಗಬೇಕು. 2016ರ ಜನವರಿ 16ರಿಂದ ತೈಲ ನಿರ್ಬಂಧ ಸಡಿಲವಾಯಿತು. ಆದರೆ 2011ರ ಕಾನೂನನ್ನು ಯಾರೂ ರದ್ದು ಮಾಡಲಿಲ್ಲ. ಅಧ್ಯಕ್ಷರು ಕಾಲಕಾಲಕ್ಕೆ ಸಹಿ ಹಾಕಿ ಅದನ್ನು ತಡೆಹಿಡಿಯುತ್ತಿದ್ದರು, ಅಷ್ಟೇ. ಬಾಗಿಲಿಗೆ ಬೀಗ ಹಾಗೇ ಇತ್ತು, ಕೀಲಿ ಅಧ್ಯಕ್ಷರ ಕೈಯಲ್ಲಿತ್ತು. ‘ನಿರ್ಬಂಧ ತೆರವು’ ಎಂದು ಓದಿದಾಗಲೆಲ್ಲ ಈ ಪ್ರಶ್ನೆ ಕೇಳಿಕೊಳ್ಳಿ: ಸಹಿ ಎಷ್ಟು ದಿನಕ್ಕೊಮ್ಮೆ ಬೇಕು?

ನಾಲ್ಕನೇ ಹೆಜ್ಜೆ: ತಲೆ ಎಣಿಸಿ

ಸೆನೆಟ್‌ನಲ್ಲಿ 100 ಜನ. ಚರ್ಚೆ ಮುಗಿಸಿ ಮತಕ್ಕೆ ಹೋಗಲು 60 ಬೇಕು. ಅಧ್ಯಕ್ಷರ ವೀಟೊ ಮುರಿಯಲು ಎರಡೂ ಸದನಗಳಲ್ಲಿ ಮೂರನೇ ಎರಡರಷ್ಟು, ಅಂದರೆ ಸೆನೆಟ್‌ನಲ್ಲಿ 67. ಈ ಎರಡು ಸಂಖ್ಯೆ ನೆನಪಿದ್ದರೆ ಸಾಕು.

2013ರ ಡಿಸೆಂಬರ್‌ನಲ್ಲಿ ಮೆನೆಂಡೆಜ್ ಮತ್ತು ಕರ್ಕ್ ಇನ್ನೊಂದು ಮಸೂದೆ ಮಂಡಿಸಿದರು. ಇರಾನ್ ಜೊತೆಗಿನ ಪರಮಾಣು ಮಾತುಕತೆ ಮುರಿದರೆ ಹೊಸ ನಿರ್ಬಂಧ ಬೀಳಬೇಕು ಎಂಬುದು ಉದ್ದೇಶ. 59 ಸೆನೆಟರ್‌ಗಳು ಬೆಂಬಲಿಸಿ ಹೆಸರು ಕೊಟ್ಟರು. ಒಬಾಮ ವೀಟೊ ಮಾಡುವುದಾಗಿ ಹೇಳಿದರು. ಮಸೂದೆ ಮತಕ್ಕೇ ಬರಲಿಲ್ಲ.

2015ರಲ್ಲಿ ಕಾಂಗ್ರೆಸ್ ಬೇರೆ ದಾರಿ ಹಿಡಿಯಿತು. ಒಪ್ಪಂದವನ್ನು ಪರಿಶೀಲಿಸುವ ಹಕ್ಕನ್ನು ಕಾನೂನು ಮಾಡಿ ಪಡೆದುಕೊಂಡಿತು. ಸೆನೆಟ್‌ನಲ್ಲಿ ಅದಕ್ಕೆ 98–1. ಬೇಡ ಅಂದದ್ದು ಟಾಮ್ ಕಾಟನ್ ಒಬ್ಬರೇ. ಆದರೆ ಸೆಪ್ಟೆಂಬರ್ 10ರಂದು ಒಪ್ಪಂದವನ್ನೇ ತಿರಸ್ಕರಿಸುವ ನಿರ್ಣಯ ಬಂದಾಗ 58 ಮತ ಸಿಕ್ಕಿತು, 60 ಆಗಲಿಲ್ಲ. ಮೆನೆಂಡೆಜ್, ಶೂಮರ್, ಕಾರ್ಡಿನ್, ಮ್ಯಾಂಚಿನ್ ಎಂಬ ನಾಲ್ವರು ಡೆಮಾಕ್ರಟರು ತಮ್ಮ ಅಧ್ಯಕ್ಷರ ವಿರುದ್ಧ ನಿಂತಿದ್ದರು. ಎರಡೇ ಮತದ ಕೊರತೆ ಅಂತ ಕಾಣುತ್ತದೆ, ಅಲ್ವಾ? ನಿಜಕ್ಕೂ ಒಂಬತ್ತರ ಕೊರತೆ. 60 ದಾಟಿದ್ದರೂ ವೀಟೊ ಕಾಯುತ್ತಿತ್ತು.

ಐದನೇ ಹೆಜ್ಜೆ: ವಾದವನ್ನು ಪೂರ್ತಿ ಕೇಳಿ

ಮೆನೆಂಡೆಜ್ ವಾದದಲ್ಲಿ ಹುರುಳಿತ್ತು. ಒಪ್ಪಂದ ಇರಾನ್‌ನ ಪರಮಾಣು ವ್ಯವಸ್ಥೆಯನ್ನು ಕಿತ್ತುಹಾಕುವುದಿಲ್ಲ, ಕೆಲವು ವರ್ಷ ತಡೆಯುತ್ತದೆ ಅಷ್ಟೇ. ತೈಲದ ದುಡ್ಡು ಬಂದರೆ ಅದು ಲೆಬನಾನ್‌ನ ಹಿಜ್ಬುಲ್ಲಾದಂಥ ಸಶಸ್ತ್ರ ಗುಂಪುಗಳಿಗೂ ಹೋಗುತ್ತದೆ. ಹೀಗಿತ್ತು ಅವರ ಮಾತು. ಇನ್ನೊಂದು ಪಕ್ಕವನ್ನೂ ನೋಡಬೇಕು. 2012ರ ಅಕ್ಟೋಬರ್‌ನಲ್ಲಿ ಇರಾನ್‌ನ ರಿಯಾಲ್ ಕುಸಿದುಬಿತ್ತು. ಔಷಧಕ್ಕೆ ಕಾನೂನಿನಲ್ಲಿ ವಿನಾಯಿತಿ ಇತ್ತು. ಆದರೆ ದುಡ್ಡು ಸಾಗಿಸಲು ಬ್ಯಾಂಕುಗಳು ಹೆದರಿದ್ದರಿಂದ ಔಷಧವೂ ಸಿಗದಾಯಿತು. ಕ್ಯಾನ್ಸರ್ ರೋಗಿಗಳು ಅಣುಸ್ಥಾವರದ ಬಗ್ಗೆ ತೀರ್ಮಾನ ಮಾಡಿದವರಲ್ಲ. ಕಠಿಣ ನಿರ್ಬಂಧವೇ ಸರಿ ಎನ್ನುವ ಶಾಸಕರು ಈ ಪ್ರಶ್ನೆಗೆ ಏನು ಉತ್ತರ ಕೊಡುತ್ತಾರೆ ಎಂಬುದನ್ನು ನಾನು ತಪ್ಪದೇ ಹುಡುಕುತ್ತೇನೆ. ಬಹಳಷ್ಟು ಭಾಷಣಗಳಲ್ಲಿ ಅದು ಇರುವುದಿಲ್ಲ.

ಮೆನೆಂಡೆಜ್ 2024ರಲ್ಲಿ ಲಂಚದ ಪ್ರಕರಣದಲ್ಲಿ ತಪ್ಪಿತಸ್ಥರೆಂದು ತೀರ್ಮಾನವಾಗಿ ಸೆನೆಟ್ ಬಿಟ್ಟರು. ಅದರಿಂದ 2015ರ ವಾದ ಸುಳ್ಳಾಗುವುದಿಲ್ಲ. ವ್ಯಕ್ತಿಯನ್ನೂ ವಾದವನ್ನೂ ಬೇರೆ ಬೇರೆ ತೂಗಿ.

ಆರನೇ ಹೆಜ್ಜೆ: ಸೋತರೆ ಮುಗಿಯಿತು ಅಂದುಕೊಳ್ಳಬೇಡಿ

2015ರ ಮಾರ್ಚ್‌ನಲ್ಲೇ ಕಾಟನ್ ಸೇರಿ 47 ರಿಪಬ್ಲಿಕನ್ ಸೆನೆಟರ್‌ಗಳು ಇರಾನ್ ನಾಯಕರಿಗೆ ಬಹಿರಂಗ ಪತ್ರ ಬರೆದಿದ್ದರು. ಮುಂದಿನ ಅಧ್ಯಕ್ಷರು ಈ ಒಪ್ಪಂದವನ್ನು ಒಂದು ಸಹಿಯಿಂದ ಮುಗಿಸಬಹುದು ಎಂದು. ಆದದ್ದೂ ಅದೇ. 2018ರ ಮೇ 8ರಂದು ಅಧ್ಯಕ್ಷ ಟ್ರಂಪ್ ಒಪ್ಪಂದದಿಂದ ಹೊರಬಂದರು. ವಿನಾಯಿತಿಯ ಸಹಿ ನಿಂತಿತು, 2011ರ ಕಾನೂನು ಮತ್ತೆ ಎದ್ದಿತು. ನವೆಂಬರ್‌ನಲ್ಲಿ ಭಾರತವೂ ಸೇರಿ ಎಂಟು ಖರೀದಿದಾರರಿಗೆ 180 ದಿನ ಕೊಟ್ಟರು. ಟೆಡ್ ಕ್ರೂಜ್ ಅಂಥ ಸೆನೆಟರ್‌ಗಳು ಅದನ್ನೂ ವಿರೋಧಿಸಿದರು. 2019ರ ಮೇ 2ಕ್ಕೆ ಅದೂ ಮುಗಿಯಿತು. ಆಗ ಭಾರತ ಚೀನಾದ ನಂತರ ಇರಾನ್ ತೈಲದ ಎರಡನೇ ದೊಡ್ಡ ಗಿರಾಕಿ. ಖರೀದಿ ನಿಲ್ಲಿಸಬೇಕಾಯಿತು.

ಈಗ ನೀವೇ ಮಾಡಿ ನೋಡಿ

ರಷ್ಯಾದ ತೈಲ ಕೊಳ್ಳುವ ದೇಶಗಳ ಸರಕಿಗೆ 500 ಶೇಕಡಾ ಸುಂಕ ಹಾಕುವ ಮಸೂದೆಯನ್ನು ಸೆನೆಟರ್‌ಗಳಾದ ಲಿಂಡ್ಸೆ ಗ್ರಹಾಂ ಮತ್ತು ರಿಚರ್ಡ್ ಬ್ಲೂಮೆಂಥಾಲ್ 2025ರ ಏಪ್ರಿಲ್‌ನಲ್ಲಿ ಮಂಡಿಸಿದರು. 80ಕ್ಕೂ ಹೆಚ್ಚು ಸೆನೆಟರ್‌ಗಳು ಹೆಸರು ಕೊಟ್ಟರು. 67 ದಾಟಿದೆ, ಗಮನಿಸಿ. ರಷ್ಯಾದ ಮೇಲಿನ ಮುಖ್ಯ ನಿರ್ಬಂಧಗಳನ್ನು ಅಧ್ಯಕ್ಷರು ಸಡಿಲಿಸುವ ಮೊದಲು ಕಾಂಗ್ರೆಸ್ ಪರಿಶೀಲಿಸಬೇಕು ಎಂಬ ಕಾನೂನು 2017ರಿಂದಲೇ ಇದೆ. ಅಮೆರಿಕ ಕಾಂಗ್ರೆಸ್‌ನ ಜಾಲತಾಣದಲ್ಲಿ ಪ್ರತಿ ಮಸೂದೆಯ ಪಠ್ಯ, ಹೆಸರು ಕೊಟ್ಟವರ ಪಟ್ಟಿ, ಅದು ಎಲ್ಲಿಯವರೆಗೆ ಬಂದಿದೆ ಎಂಬುದು ಯಾರಿಗೂ ಉಚಿತವಾಗಿ ಸಿಗುತ್ತದೆ. ಗ್ರಹಾಂ ಮಸೂದೆಯನ್ನು ತೆರೆದು, ಅಧ್ಯಕ್ಷರಿಗೆ ವಿನಾಯಿತಿ ಕೊಡುವ ಅಧಿಕಾರ ಯಾವ ಕಲಮಿನಲ್ಲಿದೆ, ಎಷ್ಟು ದಿನಕ್ಕಿದೆ ಎಂದು ಮೊದಲು ಹುಡುಕಿ.